ಹೂಂ ಅನ್ನದ ಬಟನ್

ನಮ್ಮ ಸೋದರಮಾವ ಕಂಪ್ಯೂಟರಿನಲ್ಲಿ ಯಾವುದನ್ನೂ ಒಂದೇ ಸಲ ಒತ್ತಿದವರಲ್ಲ. ಫೈಲು ತೆರೆಯಲು ಡಬಲ್ ಕ್ಲಿಕ್ಕು, ಅದು ಸರಿ. ವೆಬ್ ಪುಟದ ಲಿಂಕಿಗೂ ಡಬಲ್ ಕ್ಲಿಕ್ಕು. ಕಿಟಕಿ ಮುಚ್ಚುವ ಎಕ್ಸ್ ಗುರುತಿಗೂ ಡಬಲ್ ಕ್ಲಿಕ್ಕು. ಮೊದಲನೆಯದಕ್ಕೆ ಎದುರಿನ ಕಿಟಕಿ ಮುಚ್ಚುತ್ತದೆ, ಎರಡನೆಯದಕ್ಕೆ ಅದರ ಹಿಂದೆ ತಣ್ಣಗೆ ಕೂತಿದ್ದ ಇನ್ನೊಂದು.

"ಒಂದ್ಸಲ ಒತ್ತಿದ್ರೆ ಸಾಕು ಮಾವ" ಅಂದೆ.

"ಒಂದ್ಸಲಕ್ಕೇ ಅದಕ್ಕೆ ಕೇಳಿಸ್ತು ಅಂತ ಏನೋ ಗ್ಯಾರಂಟಿ?" ಅಂದರು.

ಬಟನ್ನುಗಳಿಗೆ ಕೋಡ್ ಬರೆದೇ ಹೊಟ್ಟೆ ಹೊರೆಯುವವನು ನಾನು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಪ್ರೋಗ್ರಾಮು ಸದಾ ಓಡುತ್ತಿರುತ್ತದೆ ಎಂದು ಹೊರಗಿನವರ ನಂಬಿಕೆ. ಬಟನ್ನು, ಪೆಟ್ಟಿಗೆ, ಮೆನು ಇರುವ ಪ್ರೋಗ್ರಾಮಿನ ಬಹುಪಾಲು ಆಯುಷ್ಯ ಸುಮ್ಮನೆ ಕಾಯುವುದರಲ್ಲೇ ಕಳೆದುಹೋಗುತ್ತದೆ. ನೀವು ಬೆರಳಾಡಿಸಿದರೆ ಒಂದು ಸುದ್ದಿ ಬಂದು ಸಾಲಿನಲ್ಲಿ ನಿಲ್ಲುತ್ತದೆ. ಅದನ್ನೇ ನಾವು ಈವೆಂಟ್ ಅನ್ನುವುದು. ಪ್ರೋಗ್ರಾಮು ಸಾಲಿನ ತಲೆಯಿಂದ ಒಂದೊಂದನ್ನೇ ಎತ್ತಿಕೊಂಡು, ಅದಕ್ಕೆಂದು ನಾವು ಬರೆದಿಟ್ಟ ಕೋಡನ್ನು ನಡೆಸಿ, ಮತ್ತೆ ಕಾಯಲು ಕೂರುತ್ತದೆ.

ನೀವು ಒಂದು ಕ್ಲಿಕ್ಕು ಅಂದುಕೊಂಡಿದ್ದು ನಮ್ಮ ಲೆಕ್ಕದಲ್ಲಿ ಮೂರು ಸುದ್ದಿ: ಮೌಸ್ ಬಟನ್ ಕೆಳಗಿಳಿಯಿತು, ಮೇಲೆದ್ದಿತು, ಆದ್ದರಿಂದ ಕ್ಲಿಕ್ಕಾಯಿತು. ಈ 'ಆದ್ದರಿಂದ' ನನಗೆ ಬಹಳ ಇಷ್ಟ. ಒತ್ತಿ ಹಿಡಿದುಕೊಂಡೇ ಪಕ್ಕಕ್ಕೆ ಸರಿದು, ಬಟನ್ನಿನ ಆಚೆ ಬೆರಳೆತ್ತಿ ನೋಡಿ, ಬಟನ್ನಿಗೆ ಕ್ಲಿಕ್ಕು ತಲುಪುವುದೇ ಇಲ್ಲ. ಒತ್ತಿದ ಮೇಲೂ ಮನಸ್ಸು ಬದಲಾಯಿಸಲು ಕೊಟ್ಟ ಸೌಲಭ್ಯ ಅದು. ಮದುವೆ ಮಾತುಕತೆಯಲ್ಲೂ ಇಷ್ಟು ಔದಾರ್ಯ ಕಂಡಿಲ್ಲ. ಇನ್ನು ಮಾವನ ಡಬಲ್ ಕ್ಲಿಕ್ಕು ವೆಬ್ ಪುಟದ ಮೇಲೆ ಬಿತ್ತೋ, ಮೂರರ ಎರಡು ಕಂತು, ಕೊನೆಗೆ 'ಇದು ಡಬಲ್ ಕ್ಲಿಕ್ಕು' ಎಂಬ ಷರಾ, ಒಟ್ಟು ಏಳು ಸುದ್ದಿ. ಎರಡು ಒತ್ತಿನ ನಡುವೆ ಎಷ್ಟು ಅಂತರವಿದ್ದರೆ ಡಬಲ್ ಎಂಬುದಕ್ಕೂ ಕಾನೂನಿದೆ. ನೀವಾಗಿ ಬದಲಾಯಿಸದಿದ್ದರೆ ವಿಂಡೋಸಿನಲ್ಲಿ ಅದು 500 ಮಿಲಿಸೆಕೆಂಡ್, ಅಂದರೆ ಅರ್ಧ ಸೆಕೆಂಡು. ಮಂಡಿನೋವಿನ ಜೊತೆ ಬೆರಳುನೋವೂ ಇರುವ ವಯಸ್ಸಿನವರು ಅದನ್ನು ಇನ್ನಷ್ಟು ಹಿಗ್ಗಿಸಿಕೊಳ್ಳಬಹುದು. ಹಾಗೊಂದು ಸೆಟ್ಟಿಂಗ್ ಇದೆಯೆಂದು ಅವರಿಗೆ ಹೇಳುವವರಿಲ್ಲ, ಅಷ್ಟೆ.

ಮಾವನಿಗೆ ಈ ಅಭ್ಯಾಸ ಹತ್ತಿಸಿದವರಾದರೂ ಯಾರು? ಡಗ್ಲಸ್ ಎಂಗೆಲ್‌ಬಾರ್ಟ್ 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೌಸನ್ನು ಜನರ ಮುಂದೆ ಓಡಿಸಿ ತೋರಿಸಿದಾಗ ಅದಕ್ಕೆ ಮೂರು ಬಟನ್ ಇದ್ದವು. 1983ರಲ್ಲಿ ಆ್ಯಪಲ್‌ನ ಲಿಸಾ, ಮರುವರ್ಷ ಮ್ಯಾಕಿಂಟಾಷ್ ಬಂದಾಗ ಜನಕ್ಕೆ ಗೊಂದಲ ಬೇಡವೆಂದು ಒಂದೇ ಉಳಿಸಿದರು. ಬಟನ್ ಒಂದಾದರೂ ಕೆಲಸ ಒಂದಕ್ಕೆ ಇಳಿಯಲಿಲ್ಲವಲ್ಲ! ಒಂದು ಸಲ ಒತ್ತಿದರೆ ಆಯ್ಕೆ, ಎರಡು ಸಲ ಒತ್ತಿದರೆ ತೆರೆ. ಗೊಂದಲ ಮೌಸಿನಿಂದ ಇಳಿದು ಬೆರಳಿಗೆ ಹತ್ತಿತು.

ಫೋನಿನಲ್ಲಿ ಇದು ಇನ್ನೊಂದು ವೇಷ ತೊಟ್ಟಿತು. 2007ರ ಐಫೋನಿನಲ್ಲಿ ವೆಬ್ ಪುಟವನ್ನು ಎರಡು ಸಲ ತಟ್ಟಿದರೆ ಅಕ್ಷರ ಹಿಗ್ಗುತ್ತಿತ್ತು. ಹಾಗಾಗಿ ನೀವು ಒಂದು ಸಲ ತಟ್ಟಿದರೆ, ಇನ್ನೊಂದು ಬರುತ್ತದೋ ಏನೋ ಎಂದು ಬ್ರೌಸರು ಸುಮಾರು 300 ಮಿಲಿಸೆಕೆಂಡ್ ಸುಮ್ಮನೆ ಕಾಯುತ್ತಿತ್ತು. ಜಗತ್ತಿನ ಮಾವಂದಿರಿಗೆಲ್ಲ ಹೆದರಿ ಒಂದೇ ಸಲ ಒತ್ತುವ ನಮ್ಮಂಥವರನ್ನು ಕಾಯಿಸಿದ್ದು! ಫೋನಿನ ಅಗಲಕ್ಕೆ ಹೊಂದಿಸಿದ ಪುಟಗಳಿಗೆ ಈ ಕಾಯುವಿಕೆ ತಪ್ಪಿದ್ದು ಕ್ರೋಮಿನಲ್ಲಿ 2014ಕ್ಕೆ, ಐಫೋನಿನ ಸಫಾರಿಯಲ್ಲಿ 2016ಕ್ಕೆ.

ಕನ್ನಡ ಟೈಪಿಸುವವರ ಕಷ್ಟ ಬೇರೆಯದೇ. 'ಸ್ತ್ರೀ' ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡಿನ ಲೆಕ್ಕದಲ್ಲಿ ಆರು ಸಂಕೇತ. ಬ್ಯಾಕ್‌ಸ್ಪೇಸ್ ಒತ್ತಿದರೆ ಮೊದಲು ದೀರ್ಘ ಹೋಗುತ್ತದೆ, ಆಮೇಲೆ ರಕಾರ, ಹೀಗೆ ಒಂದೊಂದೇ ಒಡವೆ ಕಳಚುತ್ತದೆ. ಇಂಗ್ಲಿಷ್ ಅಕ್ಷರ ಕುಟ್ಟಿ ಕನ್ನಡ ಪದ ಆರಿಸುವವರದು ಇನ್ನೂ ಫಜೀತಿ. ಪದ ಇನ್ನೂ ಕೂಡಿಕೊಳ್ಳುತ್ತಿರುವಾಗ ಎಷ್ಟೋ ಬ್ರೌಸರುಗಳು ಯಾವ ಕೀ ಒತ್ತಿದರೂ 229 ಎಂಬ ಒಂದೇ ಸಂಖ್ಯೆ ತಂದುಕೊಡುತ್ತವೆ. 'ಏನೋ ಬೇಯುತ್ತಿದೆ, ಮುಚ್ಚಳ ತೆಗೆಯಬೇಡ' ಎಂದು ಅದರ ಅರ್ಥ. ಇಂಗ್ಲಿಷ್ ಮಾತ್ರ ಟೈಪಿಸುವವರು ಬರೆದ ಕೋಡಿಗೆ ಇದರ ಗೊಡವೆಯೇ ಇರುವುದಿಲ್ಲ. ಎಂಟರ್ ಕಂಡರೆ ಸಾಕು, ಸಂದೇಶ ರವಾನೆ. ಮಾವ ಒಮ್ಮೆ ಬೀಗರಿಗೆ "ನಾವು ಮದುವೆಗೆ ಬರೋದು ಕಷ್ಟ ಆಗಲ್ಲ" ಎಂದು ಬರೆಯಹೊರಟರು. 'ಕಷ್ಟ' ಎಂಬ ಪದವನ್ನು ಪಟ್ಟಿಯಿಂದ ಆರಿಸಲು ಎಂಟರ್ ಒತ್ತಿದರು. ಪದವೂ ಆಯ್ಕೆಯಾಯಿತು, ಸಂದೇಶವೂ ಹೋಯಿತು. 'ಆಗಲ್ಲ' ಟೈಪಾಗುವಷ್ಟರಲ್ಲಿ ಬೀಗರ ಫೋನು: "ಏನು ಸ್ವಾಮಿ, ನಮ್ಮಿಂದ ಏನಾದ್ರೂ ತಪ್ಪಾಯ್ತೇ?"

ಪದ ಕೂಡುತ್ತಿದೆಯೋ ಮುಗಿಯಿತೋ ಎಂದು ಕೇಳಿ ತಿಳಿಯಲು ಬ್ರೌಸರಿನಲ್ಲಿ ವ್ಯವಸ್ಥೆಯಿದೆ. ಒಂದು ಸಾಲಿನ ಕೆಲಸ. ಆ ಸಾಲು ಬರೆಯದವನನ್ನು ಬೀಗರ ಮುಂದೆ ನಿಲ್ಲಿಸಬೇಕು.

ಈಗ ಮಾವನ ಪ್ರಶ್ನೆಗೆ ಬರೋಣ. ನಮ್ಮಲ್ಲಿ ಕತೆ ಕೇಳುವವರು ನಡುನಡುವೆ ಹೂಂಗುಟ್ಟಬೇಕು, ಇಲ್ಲದಿದ್ದರೆ ಅಜ್ಜಿ ಕತೆ ನಿಲ್ಲಿಸಿ "ಕೇಳ್ತಿದೀಯೇನೋ?" ಅನ್ನುತ್ತಾಳೆ. ಬಟನ್ನೂ ಹೂಂಗುಟ್ಟಬೇಕು. 0.1 ಸೆಕೆಂಡಿನೊಳಗೆ ಪರದೆಯಲ್ಲಿ ಏನಾದರೂ ಕದಲಿದರೆ ಮನುಷ್ಯನಿಗೆ ತಕ್ಷಣ ಆಯಿತೆನಿಸುತ್ತದೆ ಎಂದು ರಾಬರ್ಟ್ ಮಿಲ್ಲರ್ ಬರೆದದ್ದೂ ಅದೇ 1968ರಲ್ಲಿ. ಬಣ್ಣ ಬದಲಾಗಲಿ, ಚಕ್ರ ತಿರುಗಲಿ, ಏನೋ ಒಂದು. ಅದರ ಬದಲು ಪ್ರೋಗ್ರಾಮು ದೊಡ್ಡ ಲೆಕ್ಕವೊಂದನ್ನು ಹಚ್ಚಿಕೊಂಡು ಕೂತರೆ ಸಾಲಿನಲ್ಲಿದ್ದ ಸುದ್ದಿಗಳೆಲ್ಲ ನಿಂತಲ್ಲೇ ನಿಲ್ಲುತ್ತವೆ. ಐದು ಸೆಕೆಂಡು ಹೀಗೇ ಕಳೆದರೆ ವಿಂಡೋಸ್ ಆ ಕಿಟಕಿಯನ್ನು ಬಿಳಿಚಿಸಿ 'ಸ್ಪಂದಿಸುತ್ತಿಲ್ಲ' ಎಂದು ಹಣೆಪಟ್ಟಿ ಕಟ್ಟುತ್ತದೆ. ಆಂಡ್ರಾಯ್ಡಿನ ತಾಳ್ಮೆಯೂ ಐದೇ ಸೆಕೆಂಡು. ಅಷ್ಟರೊಳಗೆ ಮಾವ ಸಿಟ್ಟಿನಲ್ಲಿ ಒತ್ತಿದ್ದೆಲ್ಲ ಸಾಲು ಸೇರಿರುತ್ತದೆ. ವೆಬ್ ಪುಟಕ್ಕೆ ಎಚ್ಚರವಾದ ಕೂಡಲೇ ಎಲ್ಲವನ್ನೂ ಚಾಚೂ ತಪ್ಪದೆ ನಡೆಸಿಕೊಡುತ್ತದೆ. ಹೋಳಿಗೆ ಒಂದು ಡಬ್ಬಿ ತರಿಸಹೊರಟವರ ಬುಟ್ಟಿಯಲ್ಲಿ ಎಂಟು ಡಬ್ಬಿ.

ಮದ್ದು ಎಲ್ಲರಿಗೂ ಗೊತ್ತಿರುವುದೇ. ಮೊದಲ ಒತ್ತಿಗೇ ಬಟನ್ನನ್ನು ಮಂಕು ಮಾಡಿ ಎರಡನೆಯದನ್ನು ಒಲ್ಲೆ ಅನ್ನುವುದು, ಭಾರದ ಲೆಕ್ಕವನ್ನು ಹಿಂಬದಿಗೆ ದಾಟಿಸುವುದು, ಒಂದೇ ಕೋರಿಕೆ ಎರಡು ಸಲ ಬಂದರೆ ಸರ್ವರು ಒಂದನ್ನೇ ಎಣಿಸುವುದು. ಇದನ್ನೆಲ್ಲ ಮಾಡದೆ "ಬಳಕೆದಾರರಿಗೆ ತಾಳ್ಮೆಯಿಲ್ಲ" ಅನ್ನುವ ನಮ್ಮ ಜಾತಿಯ ಗೊಣಗಾಟವನ್ನು ನಾನು ಒಪ್ಪುವುದಿಲ್ಲ. ಮಾವನ ಬೆರಳಿಗೆ ಏನೂ ಆಗಿಲ್ಲ.

ಆದರೂ ಓದುಗರಲ್ಲಿ ಒಂದು ವಿನಂತಿ. ಹಣ ಕಟ್ಟುವ ಪುಟದಲ್ಲಿ ಬಟನ್ ಹೂಂ ಅನ್ನದಿದ್ದರೆ ಇನ್ನೊಮ್ಮೆ ಒತ್ತುವ ಮುಂಚೆ ಬ್ಯಾಂಕಿನ ಎಸ್ಸೆಮ್ಮೆಸ್ ಬಂದಿದೆಯೇ ನೋಡಿಕೊಳ್ಳಿ. ಎಲ್ಲ ಬಟನ್ನಿಗೂ ಒಳ್ಳೆಯವರೇ ಕೋಡ್ ಬರೆದಿರುವುದಿಲ್ಲ.