ಕಳೆಯಲು ಬಾರದ ಗಣಿತ: ಅಗ್ರಶುಲ್ಕ ಶಾಸ್ತ್ರಕ್ಕೊಂದು ಪ್ರವೇಶಿಕೆ

1. ಅನುಬಂಧ ಚತುಷ್ಟಯ

ಶಾಸ್ತ್ರಗ್ರಂಥವು ಆರಂಭವಾಗುವ ಮುನ್ನ ಅದರ ವಿಷಯ, ಪ್ರಯೋಜನ, ಸಂಬಂಧ ಮತ್ತು ಅಧಿಕಾರಿ ಎಂಬ ನಾಲ್ಕು ಅಂಗಗಳನ್ನು ತಿಳಿಸಬೇಕೆಂಬುದು ಹಿರಿಯರ ಕಟ್ಟಳೆ. ಇವಕ್ಕೆ ಒಟ್ಟಾಗಿ ಅನುಬಂಧ ಚತುಷ್ಟಯವೆಂದು ಹೆಸರು. ಪ್ರಸ್ತುತ ಗ್ರಂಥದ ವಿಷಯವು ಕೊಳ್ಳದ ಟಿಕೆಟ್ಟಿಗೆ ಬಂದ ಬಹುಮಾನ. ಪ್ರಯೋಜನವು ಆ ಬಹುಮಾನವನ್ನು ಪಡೆಯಲು ಹೋಗದೆ ಇರುವುದು. ಸಂಬಂಧವು ಸಾಮಾನ್ಯವಾಗಿ ವಾಟ್ಸಾಪಿನಲ್ಲಿ ಏರ್ಪಡುವಂಥದು. ಅಧಿಕಾರಿ, ಅಂದರೆ ಈ ವಿದ್ಯೆಗೆ ಅರ್ಹನಾದವನು, ಕೈಯಲ್ಲಿ ಮೊಬೈಲು, ಬ್ಯಾಂಕಿನಲ್ಲಿ ಖಾತೆ ಮತ್ತು ತಲೆಯ ಮೇಲೆ ಸಾಲ ಇರುವ ಯಾವನೇ ಗೃಹಸ್ಥ. ಪದವಿ, ಹುದ್ದೆ, ವಯಸ್ಸುಗಳು ಈ ಅರ್ಹತೆಗೆ ಅಡ್ಡಿಯಾಗವು. ನಿವೃತ್ತ ಪ್ರಾಧ್ಯಾಪಕರಿಗೂ ಇಲ್ಲಿ ಸಮಾನ ಅವಕಾಶವಿದೆ.

2. ಲಕ್ಷಣ ನಿರೂಪಣೆ

ಬಹುಮಾನವನ್ನು ಕೈಗೆ ಕೊಡುವ ಮುನ್ನವೇ ಗೆದ್ದವನಿಂದ ವಸೂಲು ಮಾಡುವ ಹಣವನ್ನು ಈ ಶಾಸ್ತ್ರದಲ್ಲಿ ಅಗ್ರಶುಲ್ಕವೆನ್ನಲಾಗುತ್ತದೆ. ‘ಟಿಕೆಟ್ಟಿಲ್ಲದ ಗೆಲುವು, ಗೆಲುವಿನ ಮೇಲೆ ಶುಲ್ಕ, ಶುಲ್ಕದ ಮೇಲೆ ಗುಟ್ಟು: ಇವು ಮೂರೂ ಒಂದೆಡೆ ಕೂಡಿದರೆ ಅದು ವಂಚನೆ’ ಎಂಬುದು ಲಕ್ಷಣಸೂತ್ರ. ಪರೀಕ್ಷೆಯ ಶುಲ್ಕವನ್ನೂ ಅಭ್ಯರ್ಥಿಯು ಮೊದಲೇ ಕಟ್ಟುವುದರಿಂದ ಈ ಸೂತ್ರಕ್ಕೆ ಅತಿವ್ಯಾಪ್ತಿ ದೋಷ, ಅಂದರೆ ಸಲ್ಲದ ವಸ್ತುವಿಗೂ ಸಲ್ಲುವ ದೋಷ, ತಗಲುವುದಿಲ್ಲವೇ ಎಂದು ಕೇಳಬಹುದು. ತಗಲುವುದಿಲ್ಲ, ಪರೀಕ್ಷಾ ಮಂಡಳಿಯು ಶುಲ್ಕ ಪಡೆಯುವ ಮುನ್ನವೇ ಅಭ್ಯರ್ಥಿಯು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದಾನೆಂದು ಅಭಿನಂದಿಸಿ, ಈ ಸುದ್ದಿಯನ್ನು ಮನೆಯವರಿಗೂ ಹೇಳಬಾರದೆಂದು ತಾಕೀತು ಮಾಡುವುದಿಲ್ಲ.

ನೈಯಾಯಿಕರು ಇಲ್ಲದ ವಸ್ತುವಿಗೆ ಮೊಲದ ಕೊಂಬು ಮತ್ತು ಆಕಾಶದ ಹೂವುಗಳನ್ನು ಉದಾಹರಿಸುತ್ತಿದ್ದರು. ಕೊಳ್ಳದ ಟಿಕೆಟ್ಟಿನ ಬಹುಮಾನವನ್ನು ಆ ಪಟ್ಟಿಗೆ ನಿಸ್ಸಂಕೋಚವಾಗಿ ಸೇರಿಸಬಹುದು. ಇರುವ ವಸ್ತುವಿನ ಸ್ವರೂಪವು ಬೇರೆ. ಕೇರಳ ಸರ್ಕಾರವು 1967ರಲ್ಲಿ ಸ್ಥಾಪಿಸಿದ ಲಾಟರಿ ಇಲಾಖೆಯು ಕಾಗದದ ಟಿಕೆಟ್ಟನ್ನು ಕೊಳ್ಳುವವನ ಹೆಸರು, ವಿಳಾಸ ಕೇಳದೆ ಮಾರುವುದರಿಂದ, ಬಹುಮಾನ ಯಾರಿಗೆ ಬಂತೆಂಬುದು ಟಿಕೆಟ್ಟು ಹಿಡಿದು ಒಬ್ಬನು ಬರುವವರೆಗೆ ಇಲಾಖೆಗೇ ತಿಳಿದಿರುವುದಿಲ್ಲ. ಕರ್ನಾಟಕವು 2007ರಲ್ಲಿ ಲಾಟರಿಯನ್ನು ನಿಷೇಧಿಸಿದ ಮೇಲೂ ವಯನಾಡಿನ ದಾರಿಯಲ್ಲಿ ಟಿಕೆಟ್ಟು ಕೊಳ್ಳುವ ಕನ್ನಡಿಗರಿದ್ದು, 2024ರ ತಿರುವೋಣಂ ಬಂಪರಿನ 25 ಕೋಟಿ ರೂಪಾಯಿ ಕರ್ನಾಟಕದವರಿಗೇ ಒಲಿದಾಗಲೂ ಇದೇ ನಿಯಮ ನಡೆಯಿತು. ಆದಕಾರಣ ನಿಜವಾದ ಲಾಟರಿಯಲ್ಲಿ ಗೆದ್ದವನು ಸರ್ಕಾರವನ್ನು ಹುಡುಕಿಕೊಂಡು ಹೋಗುತ್ತಾನೆ, ಅಣಕು ಲಾಟರಿಯಲ್ಲಿ ‘ಸರ್ಕಾರ’ವೇ ಗೆದ್ದವನ ಫೋನ್ ನಂಬರನ್ನು ಹುಡುಕಿಕೊಂಡು ಬರುತ್ತದೆ ಎಂಬ ಭೇದವು ಸಿದ್ಧವಾಗುತ್ತದೆ.

3. ಗುರುಪರಂಪರೆ

ಈ ವಿದ್ಯೆಯು ಮೊಬೈಲಿನೊಂದಿಗೆ ಹುಟ್ಟಿತೆಂಬ ಮತವು ಪರಂಪರೆಗೆ ಮಾಡುವ ಅಪಚಾರ. ಸ್ಪೇನಿನ ಸೆರೆಮನೆಯಲ್ಲಿ ಸಿರಿವಂತನೊಬ್ಬನು ಕೊಳೆಯುತ್ತಿದ್ದಾನೆ, ಬಿಡುಗಡೆಗೆ ಒಂದಿಷ್ಟು ಹಣ ಕೊಟ್ಟವರಿಗೆ ಅವನ ಗುಪ್ತನಿಧಿಯಲ್ಲಿ ಪಾಲುಂಟು ಎಂಬ ಪತ್ರಗಳು 19ನೇ ಶತಮಾನದಲ್ಲೇ ಯೂರೋಪು, ಅಮೆರಿಕಗಳನ್ನು ಸುತ್ತಿದ್ದವು. ಇಪ್ಪತ್ತನೇ ಶತಮಾನದ ಕೊನೆಯಲ್ಲಿ ಆ ಸೆರೆಯಾಳಿನ ಪಾತ್ರವನ್ನು ನೈಜೀರಿಯಾದ ರಾಜಕುಮಾರರೂ ತೈಲಾಧಿಕಾರಿಗಳೂ ವಹಿಸಿಕೊಂಡಾಗ, ಆ ದೇಶದ ದಂಡಸಂಹಿತೆಯಲ್ಲಿ ವಂಚನೆಗೆ ಮೀಸಲಾದ 419ನೇ ಕಲಮಿನ ಸಂಖ್ಯೆಯೇ ಇಡೀ ಸಂಪ್ರದಾಯಕ್ಕೆ ಹೆಸರಾಯಿತು. ಭಾರತದಲ್ಲಿ 2000ನೇ ಇಸವಿಯಲ್ಲಿ ಆರಂಭವಾದ ‘ಕೌನ್ ಬನೇಗಾ ಕರೋಡ್‌ಪತಿ’ ಕಾರ್ಯಕ್ರಮದ ಹೆಸರನ್ನು ಅದಕ್ಕೆ ಯಾವ ಸಂಬಂಧವೂ ಇಲ್ಲದವರು ಕದ್ದು, 25 ಲಕ್ಷ ರೂಪಾಯಿಯ ‘ಕೆಬಿಸಿ ಲಾಟರಿ’ಯನ್ನು ಸೃಷ್ಟಿಸಿದರು. ಮೂಲ ಕಾರ್ಯಕ್ರಮದಲ್ಲಿ ಪ್ರಶ್ನೆಗೆ ಉತ್ತರ ಹೇಳಿದವರಿಗೆ ಹಣ ಸಿಗುತ್ತದೆ. ಈ ಅವತಾರದಲ್ಲಿ ಪ್ರಶ್ನೆಯನ್ನೇ ಕೇಳದವರಿಂದ ಹಣ ಸಿಗುತ್ತದೆ.

4. ಪ್ರಮಾಣಪತ್ರ ಪರೀಕ್ಷೆ

ಈ ಶಾಸ್ತ್ರದ ಮೂಲಪಾಠವೆಂದರೆ ವಾಟ್ಸಾಪಿಗೆ ಬರುವ ಬಣ್ಣದ ಪ್ರಮಾಣಪತ್ರ. ಅದರ ನೆತ್ತಿಯಲ್ಲಿ ಪ್ರಧಾನಮಂತ್ರಿ, ಚಿತ್ರನಟ ಮತ್ತು ಉದ್ಯಮಪತಿಗಳ ಭಾವಚಿತ್ರಗಳು, ಅಂಚಿಗೆ ತ್ರಿವರ್ಣ, ಮೂಲೆಗೆ ರಾಷ್ಟ್ರಲಾಂಛನ, ಅಡಿಯಲ್ಲಿ ಓದಲಾಗದ ಸಹಿಯ ಮೇಲೆ ಓರೆಯಾಗಿ ಬಿದ್ದ ನೇರಳೆ ಮೊಹರುಗಳು ಕಾಣಿಸುತ್ತವೆ. ನಿಜವಾದ ಸರ್ಕಾರಿ ಪತ್ರವು ಒಂದು ಮೊಹರಿಗಾಗಿ ಮೂರು ದಿನ ಅಲೆಸುವುದನ್ನು ಬಲ್ಲ ಓದುಗನು, ಒಂದೇ ಹಾಳೆಯಲ್ಲಿ ನಾಲ್ಕು ಮೊಹರು ಬಿದ್ದಿರುವುದನ್ನು ಕಂಡಾಕ್ಷಣ ಸಂಶಯಪಡಬೇಕು. ಜೊತೆಗೆ ಬರುವ ಧ್ವನಿಸಂದೇಶದಲ್ಲಿ ‘ಬ್ಯಾಂಕ್ ಮ್ಯಾನೇಜರ್’ ಎನಿಸಿಕೊಂಡವರು ಹಿಂದಿಯಲ್ಲಿ ಅಭಿನಂದಿಸಿ, ಲಾಟರಿ ನಂಬರನ್ನು ಯಾರಿಗೂ ತಿಳಿಸದೆ ಕೂಡಲೇ ವಾಟ್ಸಾಪಿನಲ್ಲೇ ಕರೆ ಮಾಡಬೇಕೆಂದು ಆದೇಶಿಸುತ್ತಾರೆ. ಆ ಸಂಖ್ಯೆಯು ಭಾರತದ ಸಂಕೇತವಾದ +91 ಬಿಟ್ಟು ಪಾಕಿಸ್ತಾನದ ಸಂಕೇತವಾದ +92ರಿಂದ ಮೊದಲಾಗಿರುವುದು ಅನೇಕ ಪ್ರತಿಗಳಲ್ಲಿ ಕಂಡುಬಂದ ಪಾಠಾಂತರ. ಹಣ ಕಟ್ಟಲು ಕೊಡುವ ಖಾತೆಯಾದರೋ ಯಾವ ಸಂಸ್ಥೆಯದೂ ಅಲ್ಲದೆ, ಎಲ್ಲಿಯದೋ ಊರಿನ ಯಾರದೋ ಉಳಿತಾಯ ಖಾತೆಯಾಗಿರುತ್ತದೆ.

ಪತ್ರದ ತುಂಬ ಎದ್ದುಕಾಣುವ ಕಾಗುಣಿತದ ತಪ್ಪುಗಳನ್ನು ಕರ್ತೃವಿನ ಅಜ್ಞಾನವೆಂದು ತಿಳಿಯುವುದು ಅವಸರದ ನಿರ್ಣಯ. ಮೈಕ್ರೋಸಾಫ್ಟ್ ಸಂಶೋಧನಾ ವಿಭಾಗದ ಕೋರ್ಮಾಕ್ ಹರ್ಲಿ 2012ರ ಪ್ರಬಂಧದಲ್ಲಿ ವಾದಿಸಿದಂತೆ, ವಂಚಕನಿಗೆ ಸಂದೇಶ ಕಳುಹಿಸುವುದು ಅಗ್ಗ, ಉತ್ತರಿಸಿದವನೊಡನೆ ದಿನಗಟ್ಟಲೆ ಮಾತಾಡುವುದು ದುಬಾರಿ. ಆದ್ದರಿಂದ ಕೊನೆಯವರೆಗೆ ನಂಬುವವರನ್ನು ಮಾತ್ರ ಉಳಿಸಿಕೊಂಡು ಸಂಶಯಾತ್ಮರನ್ನು ಮೊದಲ ಸಾಲಿನಲ್ಲೇ ಓಡಿಸುವ ಅಸಂಬದ್ಧತೆಯು ಅವನಿಗೆ ಲಾಭದಾಯಕ. ಪತ್ರವನ್ನು ನೋಡಿ ನಕ್ಕವನು ಜಾಣನೆಂದು ಬೀಗಬೇಕಾಗಿಲ್ಲ. ಅವನು ನಗಲೆಂದೇ ಅದು ಹಾಗೆ ರಚಿತವಾಗಿದೆ.

5. ಶುಲ್ಕಗಳ ಉತ್ಪತ್ತಿಕ್ರಮ

ಕಾರ್ಯವು ಹುಟ್ಟುವ ಮುನ್ನವೇ ಕಾರಣದಲ್ಲಿ ಅಡಗಿರುತ್ತದೆಂಬ ಸಾಂಖ್ಯರ ಸತ್ಕಾರ್ಯವಾದಕ್ಕೆ ಇಷ್ಟು ಸ್ಪಷ್ಟವಾದ ಸಮರ್ಥನೆ ಬೇರೆಲ್ಲೂ ದೊರೆಯದು: ಎಳ್ಳಿನಲ್ಲಿ ಎಣ್ಣೆಯಿರುವಂತೆ ಮೊದಲ ಶುಲ್ಕದಲ್ಲಿ ಎರಡನೆಯ ಶುಲ್ಕವು ಮೊದಲೇ ಇರುತ್ತದೆ. ನೋಂದಣಿ ಶುಲ್ಕವನ್ನು ಕಟ್ಟಿದೊಡನೆ ಜಿಎಸ್‌ಟಿ ಹುಟ್ಟುತ್ತದೆ, ಜಿಎಸ್‌ಟಿಯಿಂದ ಆದಾಯ ತೆರಿಗೆಯೂ, ಅದರಿಂದ ಕರೆನ್ಸಿ ಪರಿವರ್ತನೆಯ ವೆಚ್ಚವೂ, ಅದರಿಂದ ರಿಸರ್ವ್ ಬ್ಯಾಂಕಿನ ನಿರಾಕ್ಷೇಪಣಾ ಪತ್ರವೂ, ಪ್ರೌಢ ಹಂತದಲ್ಲಿ ಈ ಹಣ ಭಯೋತ್ಪಾದನೆಯದಲ್ಲವೆಂಬ ಪ್ರಮಾಣಪತ್ರವೂ ಜನಿಸುತ್ತವೆ. ಮೊದಲ ಮೊತ್ತವು ಕಿರಿದಾಗಿದ್ದು ಮುಂದಿನವು ಒಂದಕ್ಕಿಂತ ಒಂದು ಹಿರಿದಾಗುತ್ತವೆ. ಇಷ್ಟು ಹಾಕಿದ್ದಾಯಿತು, ಇನ್ನೊಂದಿಷ್ಟಕ್ಕೆ ಏಕೆ ಕಳೆದುಕೊಳ್ಳಬೇಕು ಎಂಬ ಗೆದ್ದವನ ವಿಚಾರಧಾರೆಯೇ ಈ ಸರಣಿಯ ನಿಮಿತ್ತ ಕಾರಣ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದವನಿಗೆ, ಇನ್ನೊಂದು ಹಿಡಿ ಕಿವುಚಿದರೆ ಹೊಳೆಯೇ ಹುಳಿಯಾಗುತ್ತದೆಂದು ತೋರುವ ಸ್ಥಿತಿಯಿದು.

ಈ ಶುಲ್ಕಗಳ ಪ್ರಾಮಾಣ್ಯವನ್ನು ಕಾನೂನಿನೊಡನೆ ತಾಳೆ ನೋಡಿದರೆ ಒಂದೂ ನಿಲ್ಲುವುದಿಲ್ಲ. ಜಿಎಸ್‌ಟಿಯು ಟಿಕೆಟ್ಟಿನ ಮಾರಾಟದ ಮೇಲೆ ಬೀಳುತ್ತದೆಯೇ ಹೊರತು ಗೆದ್ದವನ ಮೇಲಲ್ಲ. ರಿಸರ್ವ್ ಬ್ಯಾಂಕು ವ್ಯಕ್ತಿಗಳ ಹೆಸರಿನಲ್ಲಿ ಖಾತೆ ಇಡುವುದೂ ಇಲ್ಲ, ಬಹುಮಾನ ಹಂಚುವುದೂ ಇಲ್ಲ. ವಿದೇಶಿ ಲಾಟರಿಯ ಟಿಕೆಟ್ಟಿಗೆಂದು ದೇಶದಿಂದ ಹಣ ಕಳುಹಿಸುವುದು 2000ದ ವಿದೇಶಿ ವಿನಿಮಯ ನಿಯಮಗಳ ಪ್ರಕಾರ ನಿಷಿದ್ಧವಾಗಿದ್ದು, ಇಂಥ ಪಾವತಿಗಳ ಬಗ್ಗೆ ರಿಸರ್ವ್ ಬ್ಯಾಂಕು 2010ರ ಮೇ ತಿಂಗಳಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿದೆ. ಆದ್ದರಿಂದ ಲಂಡನ್ನಿನ ಲಾಟರಿಯನ್ನು ಗೆದ್ದವನು ಅದಕ್ಕೆ ಹಣ ಕಟ್ಟುವುದರಿಂದ ಹಣವನ್ನೂ ಕಳೆದುಕೊಂಡು ನಿಯಮವನ್ನೂ ಮುರಿಯುವ ದ್ವಿಗುಣ ಫಲ ಪಡೆಯುತ್ತಾನೆ.

6. ವ್ಯವಕಲನ ನ್ಯಾಯ

ಗಣಿತದಲ್ಲಿ ಕಳೆಯುವ ಕ್ರಿಯೆಗೆ ವ್ಯವಕಲನವೆಂದು ಹೆಸರು. ಭಾರತದ ಆದಾಯ ತೆರಿಗೆ ಪದ್ಧತಿಯಲ್ಲಿ ಲಾಟರಿಯ ಗೆಲುವಿಗೆ ಶೇ. 30ರ ತೆರಿಗೆಯಿದ್ದು, ಬಹುಮಾನ ಕೊಡುವವನೇ ಅದನ್ನು ಮೂಲದಲ್ಲಿ ಮುರಿದುಕೊಂಡು ಉಳಿದದ್ದನ್ನು ಗೆದ್ದವನಿಗೆ ಕೊಡಬೇಕು. 25 ಲಕ್ಷ ನಿಜವಾಗಿದ್ದರೆ 7.5 ಲಕ್ಷ ಮುರಿದು 17.5 ಲಕ್ಷ ಕೈಗೆ ಬರಬೇಕು. ಆದ್ದರಿಂದ ಕರೆ ಮಾಡಿದವರಿಗೆ ಗೆದ್ದವನು ಹೇಳಬೇಕಾದ ವಾಕ್ಯ ಒಂದೇ: ‘ಸರ್, ನಿಮ್ಮ ಶುಲ್ಕವನ್ನೆಲ್ಲ ಆ 25 ಲಕ್ಷದಲ್ಲೇ ಮುರ್ಕೊಂಡು ಮಿಕ್ಕಿದ್ದು ಕಳಿಸಿ.’

ಇಲ್ಲಿ ಪೂರ್ವಪಕ್ಷವುಂಟು. ಹಣವು ಸೀಲಾದ ಖಾತೆಯಲ್ಲಿದೆ, ಮುಟ್ಟುವಂತಿಲ್ಲ ಎಂದು ಕರೆ ಮಾಡಿದವರು ಹೇಳುತ್ತಾರೆ; ಮುಟ್ಟಲಾಗದ ಹಣವನ್ನು ಶುಲ್ಕ ಕಟ್ಟಿದ ಮೇಲೆ ಮುಟ್ಟುವವರು ಯಾರೆಂದು ಹೇಳುವುದಿಲ್ಲ. ಬಹುಮಾನವು ಕಾರು, ಅದನ್ನು ಕತ್ತರಿಸಿ ತೆರಿಗೆ ಮುರಿಯಲಾದೀತೇ ಎಂಬುದು ಇದಕ್ಕಿಂತ ಸೂಕ್ಷ್ಮವಾದ ಆಕ್ಷೇಪ; ವಸ್ತುರೂಪದ ಬಹುಮಾನವನ್ನು ಕೊಡುವ ಮುನ್ನ ಅದರ ತೆರಿಗೆ ಸಂದಾಯವಾಗಿರಬೇಕೆಂದು ಕಾನೂನೇ ಹೇಳುವುದರಿಂದ, ಸ್ಕ್ರ್ಯಾಚ್ ಕಾರ್ಡ್ ಕಳುಹಿಸುವ ಪಂಥದವರು ಈ ಸಂದಿನಲ್ಲೇ ನುಸುಳುತ್ತಾರೆ. ಸಿದ್ಧಾಂತವೆಂದರೆ, ಆ ತೆರಿಗೆಯೂ ಪ್ಯಾನ್ ಸಂಖ್ಯೆಯೊಡನೆ ಸರ್ಕಾರದ ಖಜಾನೆಗೆ ಜಮೆಯಾಗುತ್ತದೆಯೇ ಹೊರತು ಫೋನಿನಲ್ಲಿ ಮಾತಾಡಿದವರ ಯುಪಿಐಗೆ ಅಲ್ಲ. ಹಣ ಬರಲು ಪಿನ್ ಒತ್ತಿರೆಂಬ ವಾದವೂ ಇದೇ ನ್ಯಾಯದಿಂದ ಬಿದ್ದುಹೋಗುತ್ತದೆ, ಏಕೆಂದರೆ ಯುಪಿಐ ಪಿನ್ ಹಣ ಹೋಗುವುದಕ್ಕೆ ಬೇಕು, ಬರುವುದಕ್ಕೆ ಬೇಡ. ಕೂಡಿಸುವುದು, ಗುಣಿಸುವುದು, ಕೊನೆಗೆ ತಮ್ಮತಮ್ಮಲ್ಲಿ ಭಾಗಿಸಿಕೊಳ್ಳುವುದು ಈ ಪಂಡಿತರಿಗೆ ಕರತಲಾಮಲಕ. ಕಳೆಯುವುದೊಂದು ಮಾತ್ರ ಬಾರದು, ಏಕೆಂದರೆ ಯಾವುದರಿಂದ ಕಳೆಯಬೇಕೋ ಅದು ಇಲ್ಲ.

7. ಪ್ರಾಯಶ್ಚಿತ್ತ ಮತ್ತು ಫಲಶ್ರುತಿ

ಶುಲ್ಕ ತೆತ್ತವರಿಗೆ ಪ್ರಾಯಶ್ಚಿತ್ತವು ನಾಚಿಕೆಯಲ್ಲ, ವೇಗ. ಸೈಬರ್ ಅಪರಾಧ ಸಹಾಯವಾಣಿಯ 1930 ಸಂಖ್ಯೆಗೆ ಕರೆ ಮಾಡಿದರೆ, ವಂಚಕರು ಹಣ ತೆಗೆಯುವ ಮುನ್ನವೇ ಅದನ್ನು ಅವರ ಖಾತೆಯಲ್ಲಿ ತಡೆಹಿಡಿಯುವ ಸಂಭವವುಂಟು. ಗಂಟೆಗಳು ಕಳೆದಂತೆ ಆ ಸಂಭವವೂ ಕಳೆಯುತ್ತದೆ. ಜಿಲ್ಲೆಯ ಸೈಬರ್ ಅಪರಾಧ ಪೊಲೀಸ್ ಠಾಣೆಗೆ ಹೋಗುವಾಗ ಪತ್ರ, ಧ್ವನಿಸಂದೇಶ, ಪಾವತಿಯ ರಸೀದಿಗಳನ್ನು ಅಳಿಸದೆ ಒಯ್ಯಬೇಕು. ಕೆಲವು ದಿನಗಳ ಬಳಿಕ ‘ನಿಮ್ಮ ಹಣ ವಾಪಸು ಕೊಡಿಸುತ್ತೇವೆ, ಫೈಲಿಗೆ ಸ್ವಲ್ಪ ಖರ್ಚಾಗುತ್ತದೆ’ ಎಂದು ವಕೀಲರೋ ಸೈಬರ್ ಅಧಿಕಾರಿಯೋ ಆಗಿ ಕರೆ ಮಾಡುವವರು ಇದೇ ಪಂಥದ ಉತ್ತರಶಾಖೆಯವರು. ಅವರಿಗೂ ವ್ಯವಕಲನ ಬಾರದು.

ಈ ಶಾಸ್ತ್ರವನ್ನು ಓದಿದವರಿಗೆ, ಓದಿ ಮನೆಯ ಹಿರಿಯರಿಗೆ ಹೇಳಿದವರಿಗೆ 25 ಲಕ್ಷ ರೂಪಾಯಿ ದೊರೆಯುವುದಿಲ್ಲ. ಅವರ ಖಾತೆಯಲ್ಲಿ ನಿನ್ನೆ ಎಷ್ಟಿತ್ತೋ ಇಂದೂ ಅಷ್ಟೇ ಇರುತ್ತದೆ. ಈ ಫಲವನ್ನು ಪಡೆಯಲು ನೋಂದಣಿ ಶುಲ್ಕವಿಲ್ಲ.