ಅಪರಿಚಿತ ಜ್ಯೋತಿರ್ವಸ್ತು ಮೀಮಾಂಸೆ: ಸೈದ್ಧಾಂತಿಕ ಚೌಕಟ್ಟಿನತ್ತ ಒಂದು ಪೂರ್ವಭಾವಿ ಹೆಜ್ಜೆ

ಪ್ರಸ್ತುತ ಪ್ರಬಂಧದ ವ್ಯಾಪ್ತಿ ಆಕಾಶ, ಮಿತಿ ಅಳ್ನಾವರ. ಪೂರ್ವಸೂರಿಗಳಲ್ಲಿ ಅಮೆರಿಕದ ವಾಯುಪಡೆ ಅಗ್ರಗಣ್ಯ. 1969ರಲ್ಲಿ ‘ಬ್ಲೂ ಬುಕ್’ ಕಡತ ಮುಚ್ಚುವಾಗ ಅದರಲ್ಲಿದ್ದ ಅಪರಿಚಿತ ಹಾರುವ ವಸ್ತುಗಳ ವರದಿಗಳು 12,618. ‘ಗುರುತು ಸಿಗಲಿಲ್ಲ’ ಎಂಬ ಷರಾ ಬಿದ್ದದ್ದು 701ಕ್ಕೆ.

ನಮ್ಮ ಪರಂಪರೆಯೇನೂ ಬಡವಲ್ಲ. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಲಡಾಖಿನ ಗಡಿಯ ಸರೋವರವೊಂದರ ಮೇಲೆ ನಮ್ಮ ಸೇನೆ ಇಂಥದೇ ಅಪರಿಚಿತ ಬೆಳಕನ್ನು 329 ಸಲ ಕಂಡಿತು. ಚೀನಾದ ಡ್ರೋನ್ ಇರಬೇಕೆಂಬ ಗುಮಾನಿ. ಕೊನೆಗೆ ಪ್ರಶ್ನೆ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಗೆ ಹೋಯಿತು. ಖಗೋಳಜ್ಞರು ತಾಳೆ ನೋಡಿ ಹೇಳಿದರು: ಒಂದು ಗುರು, ಇನ್ನೊಂದು ಶುಕ್ರ. ಅಂದರೆ ದೇವಗುರುವೂ ಅಸುರಗುರುವೂ ಒಂದಾಗಿ, ಪಾಸ್‌ಪೋರ್ಟ್ ಇಲ್ಲದೆ ಗಡಿ ದಾಟಿದ್ದು ದಾಖಲೆಯ ಪ್ರಕಾರ 155 ಸಲ!

ಇನ್ನು ವರ್ಗೀಕರಣ. ಅ) ದೃಷ್ಟ-ಸ್ಥಿರ-ದೀರ್ಘಕಾಲಿಕ-ಪ್ರಕಾಶ. ಆ) ದೃಷ್ಟ-ಚಲ-ಅಲ್ಪಕಾಲಿಕ-ಪ್ರಕಾಶ. ಇ) ದೃಷ್ಟಾದೃಷ್ಟ-ಉಭಯಸಂದಿಗ್ಧ... ಸಾಕು. ಇದನ್ನು ಇನ್ನಷ್ಟು ಎಳೆದರೆ ಪಿಎಚ್‌ಡಿ ಆದೀತು, ಬೆಳಕಂತೂ ಕಾಣಲಾರದು.

ಕ್ಷೇತ್ರಕಾರ್ಯ: ದಾಂಡೇಲಿ ಹಳಿಯ ಬದಿಯ ಕಬ್ಬಿನ ಹೊಲ, ನಸುಕು, ಆಕಾಶದಲ್ಲೊಂದು ಬೆಳಕು. ತ್ರೀಫೇಸ್ ಕರೆಂಟಿಗೆ ಕಾಯುತ್ತ ಬದುವಿನ ಮೇಲೆ ಕುಂತ ಅಜ್ಜನಿಗೆ ಪ್ರಶ್ನಾವಳಿ ಓದಿದೆ: ‘ಅವಲೋಕಿತ ವಸ್ತುವಿನ ಕೋನೀಯ ಸ್ಥಿತಿ ಯಾವುದು?’ ಅಜ್ಜ ಬೀಡಿ ಆರಿಸಿದ. ‘ಬೆಳ್ಳಿ ಚಿಕ್ಕಿ ಅಲ್ಲೇನೋ ತಮ್ಮಾ ಅದು. ಕರೆಂಟ್ ಯಾವಾಗ ಬರತೈತಿ, ಅದನ್ನ ಹೇಳು.’ ಪ್ರಶ್ನಾವಳಿಯಲ್ಲಿ ಇದಕ್ಕೆ ಅಂಕಣವಿರಲಿಲ್ಲ.

ಲಡಾಖಿನ ಯೋಧರನ್ನು ನೋಡಿ ನಗಬೇಡಿ. ಕೊರೆಯುವ ಚಳಿಯಲ್ಲಿ ನಿಂತು ಅವರು ಕಂಡದ್ದನ್ನು ಕಂಡಂತೆ ಬರೆದರು. ಆ ಎತ್ತರದ ತಿಳಿಗಾಳಿಯಲ್ಲಿ ಗ್ರಹ ಕೈಗೆಟುಕುವಷ್ಟು ಹತ್ತಿರ ಕಾಣುತ್ತದೆ. ಸಿಟ್ಟು ಬರುವುದು ಕಡತದ ಮೇಲೆ. ಅದೇ ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, ಅದೇ ಸಂಸ್ಥೆಯ ದೂರದರ್ಶಕವಿದೆ. ನಮ್ಮ ಹೊಸಕೋಟೆಯಲ್ಲಿ ಕುಂತು ಅದನ್ನು ನಡೆಸುತ್ತಾರೆ. ಬಲ್ಲವರು ಮಗ್ಗುಲಲ್ಲೇ ಇದ್ದರು. ಅವರನ್ನು ಕೇಳುವ ಹೊತ್ತಿಗೆ ಲೆಕ್ಕ 329 ಮುಟ್ಟಿತ್ತು. ಬಂದ ಬೆಳಕಿಗೆ ಇಷ್ಟು ಕಾಗದ ಹುಟ್ಟುತ್ತದೆ. ಹೊಲಕ್ಕೆ ಬಾರದ ಬೆಳಕನ್ನು ಯಾವ ವಹಿಯಲ್ಲೂ ಯಾರೂ ಬರೆಯುವುದಿಲ್ಲ. ಕಾಡಿನಿಂದ ಆನೆ ಇಳಿದೀತೆಂಬ ಹೆದರಿಕೆಯಲ್ಲೇ ಅಳ್ನಾವರದ ರೈತ, ತ್ರೀಫೇಸ್ ಬಂದಾಗ, ಕತ್ತಲಲ್ಲಿ ನೀರು ಹಾಯಿಸುತ್ತಾನೆ. ಅವನಿಗೂ ಒಂದು ಗಡಿಯಿದೆ ಸ್ವಾಮಿ, ಅದನ್ನೂ ರಾತ್ರಿಯೇ ಕಾಯಬೇಕು.

ಆದ್ದರಿಂದ ಮುಂದಿನ ಸಮಿತಿಯವರಲ್ಲಿ ವಿನಂತಿ: ಆಕಾಶದ ಬೆಳಕಿಗೆ ಮೊದಲು ಒಂದು ಪಂಚಾಂಗ ಕೊಳ್ಳಿರಿ. ಹೊಲಕ್ಕೆ ಸಮಿತಿ ಬೇಡ, ಹಗಲು ಹೊತ್ತು ಕರೆಂಟ್ ಕೊಡಿರಿ.