ಕರ್ಚೀಫಿನ ಒಡೆಯನ ಹೆಸರು ಹೇಳದ ಕಂಡಕ್ಟರಿಗೆ

ಜಾವಾ ಸಂಸ್ಥಾನದ ಬೈಂಡ್ ಎಕ್ಸೆಪ್ಶನ್ ಸಾಹೇಬರಿಗೆ ನಮಸ್ಕಾರ.

ನಿನ್ನೆ ರಾತ್ರಿ ಹನ್ನೊಂದೂವರೆಗೆ ತಾವು ದರ್ಶನ ಕೊಟ್ಟು "ಅಡ್ರೆಸ್ ಆಲ್ರೆಡಿ ಇನ್ ಯೂಸ್" ಅಂದಿರಿ. ಯಾವ ಅಡ್ರೆಸ್ಸು, ಯಾವ ಪೋರ್ಟು, ಕೂತಿರುವವರು ಯಾರು, ಒಂದೂ ಹೇಳಲಿಲ್ಲ. ಕೆಂಪು ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವ ನಾಡಿನವನು ನಾನು. ಅಲ್ಲಿ ಕರ್ಚೀಫಿನ ಒಡೆಯ ಜಗಳಕ್ಕಾದರೂ ಸಿಗುತ್ತಾನೆ. ತಾವೋ ಸ್ಟ್ಯಾಕ್ ಟ್ರೇಸ್ ಬಿಚ್ಚಿ ವಂಶಾವಳಿಯನ್ನೆಲ್ಲ ಓದಿಸುತ್ತೀರಿ, 8080 ಎಂಬ ನಾಲ್ಕಂಕಿ ಮಾತ್ರ ಬಾಯಿಗೆ ಬಾರದು.

ಟೀಮಿನ ಹಿರಿಯರು "ಟೈಮ್ ವೇಯ್ಟ್ ಕಣಯ್ಯಾ, ಒಂದು ನಿಮಿಷ ತಾಳು" ಅಂದರು. ಲಿನಕ್ಸಿನಲ್ಲಿ ಸತ್ತ ಕನೆಕ್ಷನ್ನಿನ ಸೂತಕ 60 ಸೆಕೆಂಡು, ನಿಜ. ತಾಳಿದೆ. ಕಾಫಿಯನ್ನೂ ಕುಡಿದೆ. ಆಮೇಲೆ ಗೊತ್ತಾಯಿತು: ಲಿನಕ್ಸಿನಲ್ಲಿ ಜಾವಾದ ಸರ್ವರ್ ಸಾಕೆಟ್ ರಿಯೂಸ್ ಅಡ್ರೆಸ್ ಆಯ್ಕೆಯನ್ನು ತಾನೇ ಹಚ್ಚಿಕೊಂಡು ಬರುತ್ತದಂತೆ, ಆ ಸೂತಕ ಅದಕ್ಕೆ ತಟ್ಟದು. ಅಂದರೆ ಸೀಟಿನಲ್ಲಿ ಜೀವಂತ ಆಸಾಮಿಯೇ ಇದ್ದಾನೆ! ಸುಡೋ ಹಾಕಿ 'ಎಸ್‌ಎಸ್ -ಎಲ್‌ಟಿಎನ್‌ಪಿ' ಹೊಡೆದೆ. (ಸುಡೋ ಇಲ್ಲದಿದ್ದರೆ ಬೇರೆಯವರ ಪ್ರೋಸೆಸ್ಸಿನ ಹೆಸರನ್ನು ಅದೂ ಬಾಯಿಬಿಡುವುದಿಲ್ಲ, ತಮ್ಮ ನೆಂಟನೇ ಇರಬೇಕು.) ಕೂತಿದ್ದವನು ಮಧ್ಯಾಹ್ನ ನಾನೇ ನೋಹಪ್ ಹಾಕಿ ಎಬ್ಬಿಸಿ ಮರೆತ ನನ್ನದೇ ಸರ್ವರ್. ಕೊಂದೆ. ಹಿರಿಯರಿಗೆ ಹೇಳಲಿಲ್ಲ.

ಅಷ್ಟರಲ್ಲಿ ಮ್ಯಾನೇಜರ್ ಮೇಡಮ್ಮಿಗೆ 80ನೇ ಪೋರ್ಟೇ ಬೇಕಾಯಿತು. "ಪರ್ಮಿಷನ್ ಡಿನೈಡ್" ಎಂದು ಮತ್ತೆ ತಾವೇ. 1024ಕ್ಕಿಂತ ಕೆಳಗಿನ ಸೀಟುಗಳು ರೂಟ್ ದೊರೆಗಳಿಗೆ ಮೀಸಲಂತೆ. ಸೆಟ್‌ಕ್ಯಾಪ್ ಮಾಡಿ ಜಾವಾಕ್ಕೆ ಪಾಸು ಕೊಡಿಸಿದೆ. ಪಾಸು ಸಿಕ್ಕಿದ್ದೇ ತಡ, ಅದು ತನ್ನ ಸ್ವಂತ ಲೈಬ್ರರಿಯನ್ನೇ ಗುರುತಿಸದೆ ಬಿದ್ದುಕೊಂಡಿತು. ಪಾಸು ಕಿತ್ತು 8080ಕ್ಕೇ ಮರಳಿದೆ. ಇನ್ನು ಅಡ್ರೆಸ್ಸಿನ ಜಾಗದಲ್ಲಿ ಕ್ಲೌಡಿನ ಪಬ್ಲಿಕ್ ಐಪಿ ಬರೆದರೆ "ಕೆನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್". ಆ ಐಪಿ ಇರುವುದು ಬಾಗಿಲಾಚೆಯ ನ್ಯಾಟಿನಲ್ಲಿ, ನನ್ನ ಯಂತ್ರದ ಇಂಟರ್‌ಫೇಸಿನಲ್ಲಲ್ಲ. ಅದನ್ನು ಹೇಳಲು ಇನ್ನೊಂದು ಸಾಲು ಖರ್ಚಾಗುತ್ತಿತ್ತೇ ಸಾಹೇಬರೇ?

ಎರಡೂವರೆಗೆ, ಬೇಸತ್ತು, 127.0.0.1 ಎಂದು ಬರೆದೆ. ಸರ್ವರ್ ಎದ್ದಿತು. ತಾವು ಬರಲಿಲ್ಲ. ನೆಮ್ಮದಿಯಾಗಿ ಮಲಗಿದೆ. ಬೆಳಿಗ್ಗೆ ನೋಡಿದರೆ ಒಳಗಿನಿಂದ ಬಡಿದರಷ್ಟೇ ತೆರೆಯುವ ಬಾಗಿಲು. ಹೊರಗೆ ಕ್ಲೈಂಟು, ಮೇಡಮ್ಮು, ಹಿರಿಯರು, ಎಲ್ಲರೂ ಸಾಲಾಗಿ ನಿಂತಿದ್ದಾರೆ. ರಾತ್ರಿಯೆಲ್ಲ ಕರೆಯದೆ ಬಂದವರು, ಬರಲೇಬೇಕಾದ ಆ ಒಂದು ಗಳಿಗೆಯಲ್ಲಿ ಎಲ್ಲಿಗೆ ಹೋಗಿದ್ದಿರಿ?

ಇಂತು,
ಸದ್ಯ 0.0.0.0 ನಿವಾಸಿ